ಕ್ರಾಪ್ ಮಾಡಿದ ಶಿಖರ: ಸಾಹಸದ ಫೋಟೊಗಳ ಹಳೇ ಕತೆ

ಹಿಂದಿನ ಭಾನುವಾರ ಹಾಕಿದ ವಿಡಿಯೊದ ಮಾತನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೀನಿ. ವಿಡಿಯೊದಲ್ಲಿ ಫೋಟೊಗಳನ್ನ ತೆರೆಯ ಮೇಲೆ ತೋರಿಸ್ತಾ ಹೋಗಿದ್ದೆ. ಇಲ್ಲಿ ಆ ಅನುಕೂಲ ಇಲ್ಲ, ಹಾಗಾಗಿ ಚಿತ್ರಗಳನ್ನ ಮಾತಲ್ಲೇ ಬಿಡಿಸಿ ಹೇಳಬೇಕು. ಸಮಯ ಸಾಲದೆ ಅಲ್ಲಿ ಬಿಟ್ಟಿದ್ದ ಕೆಲವು ಸಂಗತಿಗಳೂ ಇಲ್ಲಿ ಸೇರಿವೆ.

ನಮ್ಮಲ್ಲಿ ಬಹಳ ಜನ ಕೆಲಸಕ್ಕೆ ಅಂತ ಪುಣೆ, ಮುಂಬೈ ಕಡೆ ಬಂದವರು. ಬಂದ ಮೊದಲ ಮಳೆಗಾಲದಲ್ಲೇ ಸಹ್ಯಾದ್ರಿ ನಮ್ಮನ್ನ ಹಿಡ್ಕೊಂಡುಬಿಡುತ್ತೆ. ಹೈದರಾಬಾದಿನವರಿಗೆ ಅನಂತಗಿರಿ, ಚೆನ್ನೈನವರಿಗೆ ನಾಗಲಾಪುರಂ, ದೆಹಲಿಯವರಿಗೆ ತ್ರಿಯುಂಡ್. ಊರು ಬೇರೆಯಾದರೂ ಸೋಮವಾರ ಬೆಳಗ್ಗೆ ನಡೆಯೋದು ಒಂದೇ. ಸ್ಟ್ಯಾಂಡಪ್ ಮೀಟಿಂಗ್ ಶುರುವಾಗೋ ಮುಂಚೆಯೇ ಗ್ರೂಪಿನಲ್ಲಿ ಫೋಟೊ ಬಂದು ಬಿದ್ದಿರುತ್ತೆ. ಬಂಡೆಯ ಅಂಚಲ್ಲಿ ಒಬ್ಬ, ಸುತ್ತ ಮಂಜು, ಕೆಳಗೆ ಪಾತಾಳ. ಅದೇ ಜಾಗಕ್ಕೆ ಹೋಗಿಬಂದವರಿಗೆ ಮಾತ್ರ ಗೊತ್ತು, ಆ ಅಂಚಿನಿಂದ ನಾಲ್ಕಡಿ ಕೆಳಗೆ ಇನ್ನೊಂದು ಅಗಲವಾದ ಚಪ್ಪಟೆ ಬಂಡೆ ಇದೆ, ಅದರ ಮೇಲೆ ಒಬ್ಬ ಅಜ್ಜಿ ನಿಂಬು ಶರಬತ್ತು ಮಾರ್ತಾ ಕೂತಿದ್ದಾಳೆ ಅಂತ.

ಬ್ರೆಜಿಲಿನ ರಿಯೊ ಪಕ್ಕದಲ್ಲಿ ಇಂಥದ್ದೇ ಒಂದು ಬಂಡೆ ಇದೆ, ಪೆದ್ರಾ ದೊ ತೆಲೆಗ್ರಾಫೊ ಅಂತ. ಅಲ್ಲಿ ಒಂದೇ ಕೈಯಲ್ಲಿ ಬಂಡೆ ಹಿಡಿದು ಸಮುದ್ರದ ಮೇಲೆ ಜೋತಾಡೋ ಫೋಟೊಗಳು ಜಗತ್ಪ್ರಸಿದ್ಧ. ಕಾಲಿನ ಕೆಳಗೆ ಸ್ವಲ್ಪದರಲ್ಲೇ ನೆಲ ಇದೆ, ಕ್ಯಾಮೆರಾ ಅದನ್ನ ತೋರಿಸಲ್ಲ ಅಷ್ಟೇ. ಆ ಫೋಟೊ ತೆಗೆಸಿಕೊಳ್ಳೋಕೆ ಜನ ಸಾಲಲ್ಲಿ ಕಾಯ್ತಾರೆ.

ಇದನ್ನ ನೋಡಿ "ಎಲ್ಲಾ ಇನ್‌ಸ್ಟಾಗ್ರಾಮ್ ಮಾಡಿದ ಹಾಳು" ಅನ್ನೋರು ತುಂಬ ಜನ. ನನಗೆ ಹಾಗನ್ನಿಸಲ್ಲ. ಈ ಚಾಳಿ ಫೋನಿಗಿಂತ ಹಳೇದು, ಫಿಲ್ಮ್ ರೋಲಿಗಿಂತಲೂ ಹಳೇದು. ಅದಕ್ಕೇ ಕತೆಯನ್ನ 1851ರಿಂದ ಶುರು ಮಾಡ್ತೀನಿ.

ಆ ವರ್ಷ ಆಗಸ್ಟಿನಲ್ಲಿ ಆಲ್ಬರ್ಟ್ ಸ್ಮಿತ್ ಅನ್ನೋ ಇಂಗ್ಲಿಷ್ ಲೇಖಕ ಆಲ್ಪ್ಸ್‌ನ ಮೋಂ ಬ್ಲಾಂ ಹತ್ತಿದ. ವೈದ್ಯಕೀಯ ಓದಿದ್ದ, ಆದರೆ ಹೊಟ್ಟೆಪಾಡು ಹಾಸ್ಯ ಬರವಣಿಗೆ. ಜೊತೆಗೆ ಆಕ್ಸ್‌ಫರ್ಡಿನ ಮೂವರು ವಿದ್ಯಾರ್ಥಿಗಳು, 16 ಜನ ಗೈಡುಗಳು, ಮೇಲಿಂದ ಹೊರೆಯಾಳುಗಳ ದಂಡು. ಬುತ್ತಿಯ ಪಟ್ಟಿ ಇವತ್ತಿಗೂ ಚಾರಣದ ಇತಿಹಾಸ ಬರೆಯೋರಿಗೆ ನಗೆಯ ವಸ್ತು. ಸಾಧಾರಣ ವೈನೇ 60 ಬಾಟಲಿ, ದುಬಾರಿ ಬಾಟಲಿಗಳ ಲೆಕ್ಕ ಬೇರೆ, ಜೊತೆಗೆ ಹತ್ತಾರು ಕೋಳಿ. ತುದಿ ಹತ್ತಿರವಾಗ್ತಾ ಸ್ಮಿತ್‌ಗೆ ಸುಸ್ತು, ನಿದ್ದೆ ಎರಡೂ ಮುತ್ತಿಕೊಂಡವು. ಗೈಡುಗಳು ಎಳೆದುಕೊಂಡೇ ಮೇಲೆ ಹತ್ತಿಸಿದರು. ತುದಿ ಮುಟ್ಟಿದವನೇ ಅಲ್ಲೇ ಬಿದ್ದು ನಿದ್ದೆ ಹೋದ.

ಆದರೆ ಲಂಡನ್ನಿಗೆ ವಾಪಸು ಬಂದು ಅವನು ಮಾಡಿದ ಕೆಲಸ ನೋಡಿ. 1852ರ ಮಾರ್ಚಿನಲ್ಲಿ ಪಿಕಾಡಿಲಿಯ ಈಜಿಪ್ಷಿಯನ್ ಹಾಲ್‌ನಲ್ಲಿ ಒಂದು ಪ್ರದರ್ಶನ ಶುರು ಮಾಡಿದ. ವಿಲಿಯಂ ಬೆವರ್ಲಿ ಅನ್ನೋ ರಂಗಚಿತ್ರಕಾರ ಬರೆದ ದೊಡ್ಡ ದೊಡ್ಡ ಚಿತ್ರಗಳು, ಬೆಟ್ಟ ಹತ್ತೋ ಭಾಗ ಬಂದಾಗ ಮೇಲಿಂದ ಕೆಳಕ್ಕೆ ಸರಿಯೋವು, ನೋಡ್ತಾ ಕೂತವರಿಗೆ ತಾವೇ ಹತ್ತುತ್ತಿದ್ದೇವೆ ಅನ್ನಿಸಬೇಕು ಅಂತ. ಪಕ್ಕದಲ್ಲಿ ಸ್ಮಿತ್‌ನ ಮಾತು, ಹಾಡು. ವಿರಾಮದಲ್ಲಿ ಸೇಂಟ್ ಬರ್ನಾರ್ಡ್ ನಾಯಿಗಳು ಕೊರಳಲ್ಲಿ ಚಾಕೊಲೇಟ್ ಡಬ್ಬಿ ತೂಗಿಸಿಕೊಂಡು ಸಭೆಯಲ್ಲಿ ಓಡಾಡೋವು. ಆರು ವರ್ಷ ನಡೀತು. ವಿಕ್ಟೋರಿಯಾ ರಾಣಿಯೂ ನೋಡಿದಳು. ಸ್ಮಿತ್ ಶ್ರೀಮಂತನಾದ.

ಆ ಪ್ರದರ್ಶನದ ಎದೆನಡುಕದ ಘಟ್ಟ ಅಂದರೆ ಮ್ಯೂರ್ ದ ಲಾ ಕೋತ್ ಅನ್ನೋ ಹಿಮದ ಏರು. ಹೆಚ್ಚುಕಡಿಮೆ ನೆಟ್ಟಗೆ ನಿಂತ ಮಂಜಿನ ಗೋಡೆ, ಕಾಲು ಜಾರಿದರೆ ಮುಗೀತು ಅನ್ನೋ ಹಾಗೆ ವರ್ಣಿಸಿದ್ದ. ಆಮೇಲೆ ಅಲ್ಲಿಗೆ ಹೋದ ಪರ್ವತಾರೋಹಿಗಳು ಇದಕ್ಕಾ ಇಷ್ಟೆಲ್ಲಾ ಅಂತ ನಕ್ಕರು. ಕಡಿದಾದ ಏರು ಹೌದು, ಗೋಡೆ ಅಲ್ಲ.

ಸ್ಮಿತ್‌ನನ್ನ ಸುಳ್ಳುಗಾರ ಅಂತ ತಳ್ಳಿಹಾಕೋಕೆ ನನಗೆ ಮನಸ್ಸಿಲ್ಲ. ನಿದ್ದೆಗಣ್ಣಲ್ಲಿ, ಉಸಿರು ಸಿಗದೆ ಹತ್ತಿದವನಿಗೆ ಅದು ಗೋಡೆ ಥರ ಕಂಡಿದ್ದರೆ ಆಶ್ಚರ್ಯ ಏನು? ಟ್ರೆಕ್ ಮಾಡಿದವರಿಗೆಲ್ಲ ಇದು ಗೊತ್ತು. ಕಾಲು ನಡುಗಿಸಿದ ಏರು ಫೋಟೊದಲ್ಲಿ ಸಪ್ಪೆಯಾಗಿ, ಮನೆ ಮುಂದಿನ ದಿಬ್ಬದ ಥರ ಕಾಣುತ್ತೆ. ಫೋನಿನ ಅಗಲ ಲೆನ್ಸು ಎದುರಿಗಿರೋ ಇಳಿಜಾರನ್ನ ಚಪ್ಪಟೆ ಮಾಡಿಬಿಡುತ್ತೆ. ಎಷ್ಟೋ ಜನ ಫೋನ್ ವಾರೆ ಹಿಡಿಯೋದು ಮೋಸಕ್ಕಲ್ಲ, ತಮಗಾದ ಭಯ ಅದರಲ್ಲಿ ಬರ್ಲಿ ಅಂತ. ಅಲ್ಲಿವರೆಗೂ ನನ್ನ ತಕರಾರಿಲ್ಲ. ಸ್ಮಿತ್ ಕೂಡ ಹೋಗಿದ್ದು ಮೋಂ ಬ್ಲಾಂಗೇ.

ಈಗ ಹೋಗದೇ ಇರೋರ ಕತೆ.

ಫ್ರೆಡರಿಕ್ ಕುಕ್. ನ್ಯೂಯಾರ್ಕಿನ ವೈದ್ಯ. ಇವನ ಬಗ್ಗೆ ಮೊದಲು ಒಳ್ಳೇದನ್ನ ಹೇಳಬೇಕು, ಇಲ್ಲದಿದ್ದರೆ ಕತೆಯ ನೋವು ಅರ್ಥ ಆಗಲ್ಲ. 1897ರಲ್ಲಿ ಬೆಲ್ಜಿಕಾ ಅನ್ನೋ ಹಡಗು ಅಂಟಾರ್ಕ್ಟಿಕಾಕ್ಕೆ ಹೊರಟು ಮಂಜಿನಲ್ಲಿ ಸಿಕ್ಕಿಹಾಕಿಕೊಳ್ತು. ಇಡೀ ಚಳಿಗಾಲ ಸೂರ್ಯ ಇಲ್ಲ, ಜನರಿಗೆ ಸ್ಕರ್ವಿ ಹಿಡೀತು. ಹಡಗಿನ ಡಾಕ್ಟರ್ ಆಗಿದ್ದ ಕುಕ್ ಹಟ ಮಾಡಿ ಎಲ್ಲರಿಗೂ ಪೆಂಗ್ವಿನ್, ಸೀಲ್‌ಗಳ ಹಸಿ ಮಾಂಸ ತಿನ್ನಿಸಿ ಜೀವ ಉಳಿಸಿದ. ಅದೇ ಹಡಗಿನಲ್ಲಿದ್ದ ಯುವಕ ರೋಆಲ್ಡ್ ಅಮುಂಡ್ಸೆನ್, ಮುಂದೆ ದಕ್ಷಿಣ ಧ್ರುವ ಮುಟ್ಟಿದವನು, ಕುಕ್‌ನ ಮೇಲಿನ ಗೌರವವನ್ನ ಕೊನೇತನಕ ಬಿಡಲಿಲ್ಲ. 1903ರಲ್ಲಿ ಕುಕ್ ಅಲಾಸ್ಕಾದ ಮೆಕಿನ್ಲಿ ಪರ್ವತದ, ಅಂದರೆ ಡೆನಾಲಿಯ, ಸುತ್ತ ಒಂದು ಪೂರ್ತಿ ಸುತ್ತು ಹಾಕಿ ಬಂದ. ಅದು ನಿಜವಾದ ಸಾಹಸ, ಅನುಮಾನವೇ ಇಲ್ಲ.

ಡೆನಾಲಿ ಉತ್ತರ ಅಮೆರಿಕದ ಅತಿ ಎತ್ತರದ ಶಿಖರ, 20,310 ಅಡಿ. ಆಗಿನ್ನೂ ಯಾರೂ ಅದರ ತುದಿ ಮುಟ್ಟಿರಲಿಲ್ಲ. 1906ರಲ್ಲಿ ಕುಕ್ ಮತ್ತೆ ಹೊರಟ. ಜೊತೆಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಹರ್ಷೆಲ್ ಪಾರ್ಕರ್, ಬೆಲ್ಮೋರ್ ಬ್ರೌನ್ ಅನ್ನೋ ಕಲಾವಿದ, ಕುದುರೆಗಳ ಮೇಲೆ ಹೇರು ಸಾಗಿಸೋ ಕೆಲಸಕ್ಕೆ ಮೊಂಟಾನಾದ ಎಡ್ ಬ್ಯಾರಿಲ್. ಬೇಸಿಗೆಯೆಲ್ಲ ಒದ್ದಾಡಿದರೂ ದಾರಿ ಸಿಗಲಿಲ್ಲ. ಪಾರ್ಕರ್ ಊರಿಗೆ ಹೊರಟ. ಬ್ರೌನ್‌ನನ್ನ ಕುಕ್ ಬೇರೆ ಕೆಲಸಕ್ಕೆ ಕಳಿಸಿದ. ಮುಂದಿನ ವರ್ಷಕ್ಕೆ ದಾರಿ ನೋಡ್ಕೊಂಡು ಬರ್ತೀನಿ ಅಂತ ಬ್ಯಾರಿಲ್‌ನನ್ನ ಕರ್ಕೊಂಡು ರೂತ್ ಹಿಮನದಿಯ ಕಡೆ ಹೋದ. ಸೆಪ್ಟೆಂಬರ್ ಕೊನೆಗೆ ವಾಪಸು ಬಂದವನು ಶಿಖರ ಹತ್ತಿದ್ದೀನಿ ಅಂತ ಸಾರಿದ. ಸೆಪ್ಟೆಂಬರ್ 16ಕ್ಕೆ ತುದಿಯಲ್ಲಿದ್ದೆವು ಅಂದ.

ಬ್ರೌನ್‌ಗೆ ಅಲ್ಲೇ ಅನುಮಾನ ಬಂತು. ಆ ಕಾಡು, ಆ ಹಿಮನದಿ, ಆ ದೂರ ಅವನಿಗೂ ಗೊತ್ತಿತ್ತು. ಇಷ್ಟು ಕಡಿಮೆ ದಿನದಲ್ಲಿ ಹೋಗಿ ಬರೋದು ಆಗದ ಮಾತು. ಬ್ಯಾರಿಲ್‌ನನ್ನ ಪಕ್ಕಕ್ಕೆ ಕರೆದು ಕೇಳಿದ. ಅಕ್ಕಪಕ್ಕದ ಬೆಟ್ಟಗಳ ಬಗ್ಗೆ ಬೇಕಾದರೆ ಹೇಳ್ತೀನಿ, ಮೆಕಿನ್ಲಿ ವಿಷಯ ಮಾತ್ರ ಕುಕ್‌ನನ್ನೇ ಕೇಳು ಅನ್ನೋ ಅರ್ಥದ ಉತ್ತರ ಬಂತು. ಬುದ್ಧಿವಂತ ಉತ್ತರ. ಸುಳ್ಳನ್ನೂ ಹೇಳಲಿಲ್ಲ, ಸಂಬಳ ಕೊಡೋ ಯಜಮಾನನನ್ನೂ ಬಿಟ್ಟುಕೊಡಲಿಲ್ಲ.

ಆದರೆ ಕುಕ್ ಹತ್ರ ಫೋಟೊ ಇತ್ತು. ಮೊನಚಾದ ಬಂಡೆಯ ತುದಿಯಲ್ಲಿ ಒಬ್ಬ ಮನುಷ್ಯ, ಕೈಯಲ್ಲಿ ಬಾವುಟ, ಸುತ್ತ ಹಿಮ, ಹಿಂದೆ ಆಕಾಶ. 1907ರಲ್ಲಿ ಪತ್ರಿಕೆಯಲ್ಲಿ ಬಂತು, 1908ರಲ್ಲಿ ಅವನ 'ಟು ದ ಟಾಪ್ ಆಫ್ ದ ಕಾಂಟಿನೆಂಟ್' ಪುಸ್ತಕದಲ್ಲಿ ಬಂತು. ಅಷ್ಟು ಹೊತ್ತಿಗೆ ಅವನು ನ್ಯೂಯಾರ್ಕಿನ ಎಕ್ಸ್‌ಪ್ಲೋರರ್ಸ್ ಕ್ಲಬ್‌ನ ಅಧ್ಯಕ್ಷ. ಬಾವುಟ ಹಿಡಿದು ನಿಂತ ಆ ಮನುಷ್ಯ ಯಾರು ಅಂದರೆ ಅದೇ ಎಡ್ ಬ್ಯಾರಿಲ್.

1909ರಲ್ಲಿ ಎಲ್ಲ ತಲೆಕೆಳಗಾಯ್ತು. ಕುಕ್ ಉತ್ತರ ಧ್ರುವವನ್ನೂ ಮುಟ್ಟಿದ್ದೀನಿ ಅಂತ ಘೋಷಿಸಿದ. ಅದೇ ವಾರ ರಾಬರ್ಟ್ ಪಿಯರಿ ಕೂಡ ತಾನೇ ಮೊದಲು ಅಂದ. ಪಿಯರಿ ಕಡೆಯವರು ಕುಕ್‌ನ ಹಳೇ ಕಡತ ಕೆದಕಿದರು, ಬ್ಯಾರಿಲ್‌ನನ್ನ ಹುಡುಕಿದರು. ಅಕ್ಟೋಬರಿನಲ್ಲಿ ಬ್ಯಾರಿಲ್ ಪ್ರಮಾಣ ಮಾಡಿ ಅಫಿಡವಿಟ್ ಕೊಟ್ಟ: ನಾವು ತುದಿಯ ಹತ್ತಿರಕ್ಕೂ ಹೋಗಿಲ್ಲ, ಡೈರಿಯಲ್ಲಿ ದಿನಾಂಕ, ವಿವರ ಬದಲಿಸಿದ್ದು ಕುಕ್ ಹೇಳಿದ ಹಾಗೆ. ಅದಕ್ಕೆ ಅವನಿಗೆ ದುಡ್ಡು ಸಂದಾಯ ಆಗಿತ್ತು ಅನ್ನೋ ಮಾತು ಆಗಲೇ ಎದ್ದಿತ್ತು. ಕುಕ್‌ನ ಅಭಿಮಾನಿಗಳು ಅದನ್ನೇ ಹಿಡಿದು ಇವತ್ತಿಗೂ ವಾದ ಮಾಡ್ತಾರೆ. ಇಬ್ಬರೇ ಹೋದ ಜಾಗಕ್ಕೆ ಇಬ್ಬರೇ ಸಾಕ್ಷಿ. ಒಬ್ಬ ಹೌದು ಅಂತಾನೆ, ಇನ್ನೊಬ್ಬ ಇಲ್ಲ ಅಂತಾನೆ. ಯಾರನ್ನ ನಂಬೋದು?

ಇಲ್ಲಿ ಪಾರ್ಕರ್ ಮತ್ತು ಬ್ರೌನ್ ಮಾಡಿದ ಕೆಲಸ ನನಗೆ ಬಹಳ ಇಷ್ಟ. ಪೇಪರಿನಲ್ಲಿ ಜಗಳ ಆಡೋದು ಬಿಟ್ಟು, ಕುಕ್‌ನ ಪುಸ್ತಕ ಜೊತೆಗಿಟ್ಟುಕೊಂಡು 1910ರಲ್ಲಿ ಅಲಾಸ್ಕಾಕ್ಕೇ ಹೋದರು. ಫೋಟೊಗಳನ್ನ ನಕ್ಷೆಯ ಥರ ಬಳಸಿ ಒಂದೊಂದು ಬಂಡೆಯನ್ನೂ ಹೋಲಿಸ್ತಾ ರೂತ್ ಹಿಮನದಿಯ ಮೇಲೆ ನಡೆದರು. ಕೊನೆಗೆ ಸಿಕ್ತು. ಡೆನಾಲಿಯ ತುದಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿ ಒಂದು ಪುಟ್ಟ ಕಲ್ಲಿನ ಗುಡ್ಡ. ಎತ್ತರ ಸುಮಾರು 5,300 ಅಡಿ. ಪುಣೆ, ಮುಂಬೈನವರು ಲೆಕ್ಕ ಹಾಕಿ, ನಮ್ಮ ಕಳಸೂಬಾಯಿ 5,400 ಅಡಿ. ಅಲ್ಲೇ ನಿಂತು ಕುಕ್‌ನ ಫೋಟೊವನ್ನ ಮತ್ತೆ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಂಡೆಯ ಬಿರುಕಿಗೆ ಬಿರುಕು ಹೊಂದುತ್ತೆ. ಆ ಗುಡ್ಡಕ್ಕೆ ಫೇಕ್ ಪೀಕ್ ಅನ್ನೋ ಹೆಸರೇ ನಿಂತುಬಿಡ್ತು. ಹಿಮನದಿಗೆ ಕುಕ್ ತನ್ನ ಮಲಮಗಳ ನೆನಪಿಗೆ ಇಟ್ಟ ರೂತ್ ಅನ್ನೋ ಹೆಸರೂ ಹಾಗೇ ಉಳಿದಿದೆ.

ಅದೇ ವರ್ಷ ಒರೆಗಾನ್‌ನ ಮಜಾಮಾಸ್ ಅನ್ನೋ ಚಾರಣ ಸಂಘದ ತಂಡವೂ ಹೋಗಿತ್ತು, ಸಿ. ಇ. ರಸ್ಕ್ ಅನ್ನೋರ ಮುಂದಾಳತ್ವದಲ್ಲಿ. ಕುಕ್ ಮೇಲೆ ಸಹಾನುಭೂತಿ ಇಟ್ಟುಕೊಂಡು ಹೋದವರು ಅವರು. ಅವರಿಗೂ ಒಪ್ಪಲೇಬೇಕಾಯ್ತು, ಕುಕ್ ಶಿಖರ ಹತ್ತಿಲ್ಲ ಅಂತ.

ಇನ್ನೊಂದು ವಿವರ ಹೊರಗೆ ಬರೋಕೆ 1990ರ ದಶಕ ಆಗಬೇಕಾಯ್ತು. ರಾಬರ್ಟ್ ಬ್ರೈಸ್ ಅನ್ನೋ ಸಂಶೋಧಕರಿಗೆ ಆ 'ಶಿಖರ'ದ ಫೋಟೊದ ಕತ್ತರಿಸದ ಪ್ರತಿ ಸಿಕ್ತು. ಪುಸ್ತಕದಲ್ಲಿ ಅಚ್ಚಾಗಿದ್ದು ಅದರ ಒಂದು ಭಾಗ ಮಾತ್ರ. ಬಿಟ್ಟುಹೋದ ಅಂಚಿನಲ್ಲಿ ಸುತ್ತಲಿನ ಭೂಭಾಗ ಇನ್ನೂ ಕಾಣ್ತಿತ್ತು, ಇದು ಖಂಡದ ನೆತ್ತಿಯಲ್ಲ ಅಂತ ಹೇಳೋಕೆ ಸಾಕಾಗುವಷ್ಟು. ಅಂದರೆ ಕುಕ್ ಚಿತ್ರದಲ್ಲಿ ಏನನ್ನೂ ಬರೆಯಲಿಲ್ಲ, ಏನನ್ನೂ ಅಂಟಿಸಲಿಲ್ಲ. ಬರೀ ಕ್ರಾಪ್ ಮಾಡಿದ.

ಈ ಮಾತನ್ನ ವಿಡಿಯೊದಲ್ಲಿ ಎರಡು ಸಲ ಹೇಳಿದ್ದೆ, ಯಾಕಂದರೆ ಇದರ ಪಕ್ಕದಲ್ಲಿಟ್ಟು ನೋಡಬೇಕಾದ ಇನ್ನೊಂದು ಫೋಟೊ ಇದೆ. 1953ರ ಮೇ 29. ಎವರೆಸ್ಟ್ ತುದಿಯಲ್ಲಿ ತೇನ್‌ಸಿಂಗ್ ಐಸ್ ಆಕ್ಸ್ ಎತ್ತಿ ಹಿಡಿದಿರೋ ಚಿತ್ರ ಎಲ್ಲರೂ ನೋಡಿದ್ದೀರಿ. ತೆಗೆದವರು ಹಿಲರಿ. ಹಿಲರಿ ತುದಿಯಲ್ಲಿ ನಿಂತಿರೋ ಫೋಟೊ ಇಲ್ಲವೇ ಇಲ್ಲ. ಆದರೆ ಅವರು ಇನ್ನೊಂದು ಕೆಲಸ ಮಾಡಿದರು. ತುದಿಯಿಂದ ಕೆಳಗಿನ ಬೆಟ್ಟದ ಏಣುಗಳು, ಕಣಿವೆಗಳು ಕಾಣೋ ಹಾಗೆ ಸುತ್ತಲೂ ಫೋಟೊ ತೆಗೆದರು. ನಾಳೆ ಯಾರಾದರೂ ಕೇಳಿದರೆ ಉತ್ತರ ಅದು. ಕುಕ್ ಅಂಚುಗಳನ್ನ ಕತ್ತರಿಸಿದ, ಹಿಲರಿ ತನ್ನನ್ನೇ ಬಿಟ್ಟು ಅಂಚುಗಳನ್ನ ತಂದರು.

ಈಗ ನಮ್ಮ ಸಹ್ಯಾದ್ರಿಗೆ ಬರೋಣ. ಇಲ್ಲಿ ವಾರೆ ಹಿಡಿದ ಫೋಟೊ ಕಂಡುಹಿಡಿಯೋದು ಬಹಳ ಸುಲಭ, ಯಾಕೆ ಅಂತ ಹೇಳ್ತೀನಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಪದರದ ಮೇಲೆ ಪದರವಾಗಿ ಹರಿದು ಗಟ್ಟಿಯಾಗಿ ಈ ಬೆಟ್ಟಗಳಾದವು. ಆ ಬಸಾಲ್ಟ್ ಪದರಗಳು ಹೆಚ್ಚುಕಡಿಮೆ ಮಟ್ಟವಾಗೇ ಮಲಗಿವೆ. ರಾಜಮಾಚಿಯಿಂದಲೋ ಹರಿಶ್ಚಂದ್ರಗಡದಿಂದಲೋ ಎದುರಿನ ಬೆಟ್ಟ ನೋಡಿ, ಅಡ್ಡಗೆರೆ ಎಳೆದ ಹಾಗೆ ಕಾಣುತ್ತೆ. ಫೋಟೊದಲ್ಲಿ ಆ ಗೆರೆಗಳೆಲ್ಲ ಒಂದೇ ಕಡೆ ಓರೆಯಾಗಿದ್ದರೆ, ಓರೆಯಾಗಿದ್ದು ಬೆಟ್ಟ ಅಲ್ಲ, ಫೋನು. ಗೆರೆ ಕಾಣದಿದ್ದರೆ ಬ್ಯಾಗಿನ ಜೋತಾಡೋ ಪಟ್ಟಿ ನೋಡಿ, ಟೋಪಿಯ ದಾರ ನೋಡಿ. ಅವಕ್ಕೆ ಭೂಮಿ ಯಾವ ಕಡೆ ಇದೆ ಅಂತ ಗೊತ್ತಿರುತ್ತೆ. ನಮ್ಮ ಆಫೀಸಿನ ಹುಡುಗನೊಬ್ಬ ಕಟ್ಟೆಯಂಥ ಬಂಡೆಯ ಮೇಲೆ ಅಂಗಾತ ಮಲಗಿ ಪ್ರಪಾತ ಹತ್ತುತ್ತಿರೋ ಫೋಟೊ ತೆಗೆಸಿಕೊಂಡಿದ್ದ. ಅವನ ನೀರಿನ ಬಾಟಲಿ ಮಾತ್ರ ಗೋಡೆಗೆ ಅಂಟಿಕೊಂಡು ನಿಂತಿತ್ತು. ಎಲ್ಲರೂ ನಕ್ಕೆವು, ಅವನೂ ನಕ್ಕ. ಅದು ತಮಾಷೆ, ಅದರಲ್ಲಿ ತಪ್ಪಿಲ್ಲ.

ತೊಂದರೆ ಬೇರೆ ಕಡೆ ಇದೆ. ಪನ್ವೇಲ್ ಹತ್ತಿರದ ಕಲಾವಂತಿಣ್ ದುರ್ಗವನ್ನ ಇಂಟರ್ನೆಟ್ ತುಂಬ "ಜಗತ್ತಿನ ಅತಿ ಅಪಾಯಕಾರಿ ಕೋಟೆ" ಅಂತ ಕರೀತಾರೆ. ಕೆಳಗಿನ ಪ್ರಬಲ್ ಮಾಚಿಯ ಆದಿವಾಸಿಗಳು ಹೋಳಿ ಹಬ್ಬಕ್ಕೆ ಅದೇ ತುದಿ ಹತ್ತಿ ಕುಣೀತಾರೆ. ಅದೇ ಮೆಟ್ಟಿಲು, ಅದೇ ಬಂಡೆ. ಇಂಥ ಹತ್ತು ಫೋಟೊ ನೋಡಿ, ಹತ್ತೂ ಕಡೆ ಹೋಗಿ, ಅಯ್ಯೋ ಇಷ್ಟೇನಾ ಅನ್ನಿಸಿಕೊಂಡವನ ಮನಸ್ಸಲ್ಲಿ ಒಂದು ಲೆಕ್ಕ ಕೂತುಬಿಡುತ್ತೆ: ಅಪಾಯ ಅಂದರೆ ಫೋಟೊ ಟ್ರಿಕ್. ಹನ್ನೊಂದನೇ ಸಲ ಅವನು ಮಳೆಯಲ್ಲಿ ಹರಿಹರ್ ಕೋಟೆಯ ಕಲ್ಲಿನ ಮೆಟ್ಟಿಲ ಮುಂದೆ ಬಂದು ನಿಲ್ತಾನೆ, ನುಣುಪು ಅಟ್ಟೆಯ ಸ್ಪೋರ್ಟ್ಸ್ ಶೂ ಹಾಕ್ಕೊಂಡು. ಆ ಮೆಟ್ಟಿಲು ಫೋಟೊದಲ್ಲಿ ಎಷ್ಟು ಕಡಿದೋ ನಿಜದಲ್ಲೂ ಅಷ್ಟೇ ಕಡಿದು. ಮೇಲಿಂದ ಇಳಿಯೋರು, ಕೆಳಗಿಂದ ಹತ್ತೋರು ಒಂದೇ ಮೆಟ್ಟಿಲ ಮೇಲೆ. ಸಿಕ್ಕಿಹಾಕಿಕೊಂಡವರನ್ನ, ಬಿದ್ದವರನ್ನ ಇಳಿಸೋಕೆ ಬರೋರು ಯಾರು? ಸುತ್ತಲಿನ ಹಳ್ಳಿಯವರು. ಲೋಣಾವಳದ ಕಡೆ ಆದರೆ ಶಿವದುರ್ಗ ಮಿತ್ರದಂಥ ಸ್ವಯಂಸೇವಕರು, ರಾತ್ರಿ ಮಳೆಯಲ್ಲಿ ಹಗ್ಗ ಹೊತ್ತುಕೊಂಡು. ಅವರ ಫೋಟೊಗಳು ವೈರಲ್ ಆಗೋದು ಕಡಿಮೆ.

ನಮ್ಮೂರ ಕಡೆಯೂ ಇದು ಬಂದಾಯ್ತು. 2024ರ ಜನವರಿ ಕೊನೆಯ ರಜಾ ದಿನಗಳಲ್ಲಿ ಕುಮಾರ ಪರ್ವತಕ್ಕೆ ನುಗ್ಗಿದ ಸಾವಿರಾರು ಜನರ ಸಾಲು ನೋಡಿದ ಮೇಲೆ, ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವನ್ನೇ ಕರ್ನಾಟಕ ಸರ್ಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯ್ತು.

ಕೊನೆಯದಾಗಿ 2016ರ ಎವರೆಸ್ಟ್. ಇದು ಪುಣೆಗೂ ಬೆಂಗಳೂರಿಗೂ ಸೇರಿದ ಕತೆ. ಪುಣೆ ಪೊಲೀಸ್ ಇಲಾಖೆಯ ಒಬ್ಬ ಕಾನ್‌ಸ್ಟೇಬಲ್ ದಂಪತಿ ತಾವು ಎವರೆಸ್ಟ್ ಹತ್ತಿದೆವು ಅಂತ ಫೋಟೊ ತೋರಿಸಿ ಪ್ರಮಾಣಪತ್ರ ಪಡೆದರು. ಊರೆಲ್ಲ ಸಂಭ್ರಮ. ಆಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ ಸತ್ಯರೂಪ್ ಸಿದ್ಧಾಂತ ಅನ್ನೋ ಪರ್ವತಾರೋಹಿ ಆ ಫೋಟೊ ನೋಡಿ ಬೆಚ್ಚಿದರು. ಚಿತ್ರ ಅವರದ್ದೇ, ಮುಖ ಮತ್ತು ಬಾವುಟ ಮಾತ್ರ ಬೇರೆ. ನೇಪಾಳ ತನಿಖೆ ಮಾಡಿ ಆ ಪ್ರಮಾಣಪತ್ರ ರದ್ದು ಮಾಡ್ತು, ದಂಪತಿಗೆ 10 ವರ್ಷ ನಿಷೇಧ ಹಾಕ್ತು. ಮರುವರ್ಷ ಅವರ ಕೆಲಸವೂ ಹೋಯ್ತು. ಕುಕ್‌ಗೆ ಗುಡ್ಡದ ತನಕವಾದರೂ ನಡೀಬೇಕಿತ್ತು, ಇಲ್ಲಿ ಅದೂ ಬೇಕಾಗಲಿಲ್ಲ.

ಅದೇ ವರ್ಷದ ಇನ್ನೊಂದು ಸುಳ್ಳು ಹೊರಬಿದ್ದದ್ದು 2020ರಲ್ಲಿ, ಒಬ್ಬ ಭಾರತೀಯ ಯುವಕನ ಹೆಸರು ತೇನ್‌ಸಿಂಗ್ ಪ್ರಶಸ್ತಿಯ ಪಟ್ಟಿಗೆ ಬಂದಾಗ. ನಾಲ್ಕು ವರ್ಷ ಹಳೇ 'ಶಿಖರ'ದ ಫೋಟೊ ಮತ್ತೆ ಓಡಾಡ್ತು. ಅದನ್ನ ಹಿಡಿದವರು ಶೆರ್ಪಾಗಳು, ಅಲ್ಲಿಗೆ ದುಡಿಯೋಕೆ ಹೋಗೋರು. ಆಕ್ಸಿಜನ್ ಮಾಸ್ಕಿಗೆ ಸಿಲಿಂಡರಿನಿಂದ ಕೊಳವೆ ಬಂದಿಲ್ಲ ಅಂದರು. ಕಪ್ಪು ಕನ್ನಡಕದಲ್ಲಿ ಹಿಮದ, ಬೆಳಕಿನ ಪ್ರತಿಬಿಂಬ ಇಲ್ಲ ಅಂದರು. ಬಾವುಟ ಅಲ್ಲಾಡ್ತಿಲ್ಲ ಅಂದರು. ಬ್ಯಾರಿಲ್ ಮೂರು ವರ್ಷ ಬಾಯಿಮುಚ್ಚಿಕೊಂಡಿದ್ದ ಜಾಗದಲ್ಲಿ ಇವರು ಬಾಯಿ ಬಿಟ್ಟರು. ಪ್ರಶಸ್ತಿ ತಡೆಹಿಡಿಯಲಾಯ್ತು. 2021ರ ಫೆಬ್ರವರಿಯಲ್ಲಿ ನೇಪಾಳ ಆ ಯುವಕನಿಗೆ, ಜೊತೆಗಿದ್ದ ಇನ್ನಿಬ್ಬರಿಗೆ ಆರು ವರ್ಷ ನಿಷೇಧ ಹಾಕ್ತು, 2016ರಿಂದ ಲೆಕ್ಕ ಹಿಡಿದು.

ಡೆನಾಲಿಗೆ ಏನಾಯ್ತು ಅಂತ ವಿಡಿಯೊ ನೋಡಿದ ಕೆಲವರು ಕೇಳಿದ್ದರು. ಕುಕ್‌ನ ಸುಳ್ಳು ಬಯಲು ಮಾಡಿದ ಪಾರ್ಕರ್, ಬ್ರೌನ್ 1912ರಲ್ಲಿ ಮತ್ತೆ ಹೋದರು. ತುದಿ ಕೆಲವೇ ನೂರು ಅಡಿ ಉಳಿದಿರುವಾಗ ಬಿರುಗಾಳಿ ಎದ್ದು ವಾಪಸು ಬಂದರು, ಬಂದು ಹಾಗೇ ಹೇಳಿದರು. 1913ರ ಜೂನ್ 7ರಂದು ಮೊದಲು ತುದಿಗೆ ಕಾಲಿಟ್ಟವನು ವಾಲ್ಟರ್ ಹಾರ್ಪರ್, ಅಲ್ಲಿನ ಮೂಲನಿವಾಸಿ ತಾಯಿಯ ಮಗ, 20 ವರ್ಷದ ಹುಡುಗ. ಕುಕ್ 1923ರಲ್ಲಿ ತೈಲ ಕಂಪನಿಯ ಷೇರಿನ ವಂಚನೆ ಕೇಸಿನಲ್ಲಿ ಜೈಲಿಗೆ ಹೋದ. ಅಲ್ಲಿ ಅವನನ್ನ ನೋಡೋಕೆ ಬಂದವರಲ್ಲಿ ಅಮುಂಡ್ಸೆನ್ ಒಬ್ಬ. ಶಿಖರ ಹತ್ತಿದ್ದು ನಿಜ ಅನ್ನೋ ಮಾತನ್ನ ಕುಕ್ 1940ರಲ್ಲಿ ಸಾಯೋ ತನಕ ಬಿಡಲಿಲ್ಲ.

ನಿಷೇಧಕ್ಕೆ ಒಳಗಾದ ಆ ಭಾರತೀಯ ಯುವಕ ಬೇರೆ ದಾರಿ ಹಿಡಿದ. ಆರು ವರ್ಷ ಮುಗಿದದ್ದು 2022ರ ಮೇ ತಿಂಗಳಲ್ಲಿ. ಅದೇ ತಿಂಗಳ 27ರಂದು ಅವನು ಎವರೆಸ್ಟ್ ಹತ್ತಿದ. ಈ ಸಲ ಸಾಕ್ಷಿಗೆ ಅಂತ ಬೇಕಾದಷ್ಟು ಫೋಟೊ, ವಿಡಿಯೊ ತೆಗೆಸಿಕೊಂಡೇ ಕೆಳಗಿಳಿದ.